ಬಂಡೆಯ ಬುಡದ ಗುಡ್ಲು

ಬೆಂಗಳೂರಿನ ನೆಲದಡಿ ರೈಲು ಓಡಿಸಬೇಕೆಂದು ಹೊರಟವರು ಮೊದಲು ಬಂದು ತೂತು ಕೊರೆದದ್ದು ನಮ್ಮ ಹಟ್ಟಿಯ ಬಂಡೆಗೆ. ಈ ಮಾತು ಹೇಳಿದರೆ ಇವತ್ತಿಗೂ ಕೆಲವರು ನಗುತ್ತಾರೆ. ನಗಲಿ. ಆ ದಿನ ಅಲ್ಲಿ ಇದ್ದವಳು ನಾನು, ಅವರಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬೆಂಗಳೂರಿನ ಒಂದು ಯೋಜನಾ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಇಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಮೇಣದ ಬಟ್ಟೆ ಹಾಸಿ, ಅವರ ಗೆರೆಯ ಮೇಲೆ ಕಪ್ಪು ಇಂಕಿನಲ್ಲಿ ನನ್ನ ಗೆರೆ ಎಳೆಯುವುದು ನನ್ನ ಕೆಲಸ. ಕೈ ನಡುಗಬಾರದು, ಬೆವರಬಾರದು, ಸ್ವಂತ ಬುದ್ಧಿ ಉಪಯೋಗಿಸಬಾರದು. ಮೊದಲೆರಡು ನನಗೆ ಚೆನ್ನಾಗಿ ಬರುತ್ತಿದ್ದವು. ಊರಿಗೆ ಹೋದರೆ ಹಟ್ಟಿಯ ಹೆಂಗಸರು ನನ್ನನ್ನು ಪ್ಲಾನಮ್ಮ ಎಂದು ಕರೆದು ಕಿಸಕ್ಕನೆ ನಗುತ್ತಿದ್ದರು. ನಮ್ಮ ಹಟ್ಟಿಯಿಂದ ತುಮಕೂರಿಗೆ ಹೋಗಿ ಓದಿ ಸರ್ಕಾರಿ ಕೆಲಸ ಹಿಡಿದ ಮೊದಲ ಹೆಣ್ಣು ನಾನೇ ಆದ್ದರಿಂದ ಆ ನಗೆಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು ಎಂದುಕೊಳ್ಳುತ್ತೇನೆ.

ಊರಾಚೆಯ ಕಡೆಗಳಿಂದ ಬರುವ ರೈಲುಗಳು ಆಗ ಸ್ಟೇಷನ್ನಿನಲ್ಲಿ ಜನರನ್ನು ಸುರಿದು ಕೈತೊಳೆದುಕೊಳ್ಳುತ್ತಿದ್ದವು. ಅಲ್ಲಿಂದ ಪೇಟೆಗೋ ಆಫೀಸಿಗೋ ಹೋಗಬೇಕಾದವರು ಸಿಟಿ ಬಸ್ಸಿನ ಬಾಗಿಲಿಗೆ ಜೋತುಬೀಳಬೇಕಿತ್ತು. ಆ ಹೊರಗಿನ ಮಾರ್ಗಗಳನ್ನೆಲ್ಲ ಒಂದು ಸುರಂಗದಲ್ಲಿ ಊರ ನಡುವಿನವರೆಗೆ ಜೋಡಿಸಿಬಿಡುವುದು ನಮ್ಮ ಕಚೇರಿಯ ಯೋಜನೆ. ಕಾಗದದ ಮೇಲೆ ಅದು ಬಹಳ ಸೊಗಸಾಗಿತ್ತು, ನಾನೇ ಎಷ್ಟೋ ಸಲ ಎಳೆದಿದ್ದೇನೆ. ತೊಡಕು ಇದ್ದದ್ದು ಪೇಟೆಯಲ್ಲಿ. ಅಲ್ಲಿ ಕೆಳಗೆ ಗಟ್ಟಿ ಬಂಡೆ, ಮೇಲೆ ಹಳೆಯ ಮಣ್ಣಿನ ಗೋಡೆಯ ಮನೆಗಳು. ಕೆಳಗೆ ಮದ್ದಿಟ್ಟು ಸಿಡಿಸಿದರೆ ಮೇಲಿನ ಗೋಡೆ ನಿಲ್ಲುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಪೇಟೆಯಲ್ಲೇ ಸಿಡಿಸಿ ನೋಡೋಣ ಎಂದರೆ ಕೋಲಾಹಲವಾದೀತು. ಹಾಗಾಗಿ ಅಂಥದೇ ಬಂಡೆ, ಅಂಥವೇ ಗೋಡೆ, ಆದರೆ ಕೂಗಾಡದ ಜನ ಇರುವ ಜಾಗ ಬೇಕಾಗಿತ್ತು.

ಒಂದು ಮಧ್ಯಾಹ್ನ ನನ್ನ ಮೇಜಿಗೆ ಬಂದ ನಕ್ಷೆಯಲ್ಲಿ ಚನ್ನರಾಯನದುರ್ಗದ ಹೆಸರಿತ್ತು. ಅದರ ಪಕ್ಕದ ಸಣ್ಣ ಗುಡ್ಡ, ಗುಡ್ಡದ ಬುಡದಲ್ಲಿ ಬೇಲಿ ಸುತ್ತಿದ ಮನೆಗಳ ಗುಂಪು. ಅದು ನಮ್ಮ ಹಟ್ಟಿ. ನಾನು ಪೆನ್ನು ಕೆಳಗಿಟ್ಟೆ. ನಮ್ಮ ಮನೆಗೆ ಒಂದು ಚೌಕ, ಹಟ್ಟಿಯ ಯಜಮಾನರ ಮನೆಗೆ ಒಂದು ಚೌಕ, ದೇವರ ಮನೆಗೆ ಒಂದು. ಗುಡ್ಡದ ಆಚೆ ಮುಖದಲ್ಲಿ ಮದ್ದು ತುಂಬುವ ತೂತುಗಳ ಗುರುತು. ಅಲ್ಲಿಂದ ಹೊರಟ ಒಂದು ಚುಕ್ಕಿ ಗೆರೆ ಬಂಡೆಯನ್ನು ಅಡ್ಡ ಸೀಳಿಕೊಂಡು ಈಚೆ ಕಡೆಯ ಬುಡಕ್ಕೆ ಬಂದು ನಿಂತಿತ್ತು. ಅದು ಬಂಡೆಯೊಳಗಿನ ಬಿರುಕಿನ ಗುರುತು, ಸಿಡಿತದ ಹೊಡೆತ ಹರಿಯುವುದು ಅಂಥ ಬಿರುಕು ಹಿಡಿದೇ. ಗೆರೆ ಮುಗಿಯುವ ಜಾಗ ನನಗೆ ಗೊತ್ತಿತ್ತು. ಮಳೆ ಬಂದರೆ ನಾನೂ ನನ್ನ ತಂಗಿಯೂ ಮರಿಗಳನ್ನು ಕಟ್ಟಿಕೊಂಡು ಆ ಬುಡದಲ್ಲೇ ನಿಲ್ಲುತ್ತಿದ್ದೆವು. ಬೆನ್ನಿಗೆ ಬಂಡೆ, ತಲೆಯ ಮೇಲೆ ಚೂರು ಮುಂಚಾಚಿದ ಕಲ್ಲಿನ ಹಾಸು.

ಅಧಿಕಾರಿಗಳಿಗೆ ನಾನು ಅದೇ ಊರಿನವಳೆಂದು ತಿಳಿದ ಮೇಲೆ ಕೇಳಬೇಕೆ. ಜನರನ್ನು ಒಪ್ಪಿಸಲು, ಮನೆ ಖಾಲಿ ಮಾಡಿಸಲು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೊರಟರು. ಆ ಸುರಂಗ ನನ್ನ ಸರ್ವಿಸಿನಲ್ಲಿ ಆಗಲೇ ಇಲ್ಲ, ಅದು ಬೇರೆ ಮಾತು. ಆಗ ಮಾತ್ರ ನಾಳೆಯೇ ರೈಲು ಹೊರಡುತ್ತದೆ ಎನ್ನುವ ಅವಸರ.

ಹಟ್ಟಿಯವರು ಒಪ್ಪಿದರು. ಗೋಡೆಯ ಬಿರುಕುಗಳ ಮೇಲೆ ಗಾಜಿನ ಪಟ್ಟಿ ಅಂಟಿಸಿದಾಗ ಮುದುಕಿಯೊಬ್ಬಳು, "ಏನ್ಲಾ ಇದು, ನಮ್ ಗ್ವಾಡೆಗೂ ಬಳೆ ತೊಡಿಸ್ಬುಟ್ರಾ?" ಎಂದಳು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದೆ, ಅದರಿಂದ ನಡುಕ ಎಲ್ಲಿಯವರೆಗೆ ಬಂತೆಂದು ತಿಳಿಯುತ್ತದೆ ಎಂದು ನಾನು ವಿವರಿಸಿದೆ. ಆಕೆ ತಲೆಯಾಡಿಸಿ, ಒಡೆದರೆ ಹೊಸ ಬಳೆ ಯಾರು ಕೊಡಿಸುತ್ತಾರೆಂದು ಕೇಳಿದಳು. ನಮ್ಮ ಜೊತೆ ಬಂದಿದ್ದ ಇಂಜಿನಿಯರ್ ಕೂಡ ನಕ್ಕರು. ಒಳ್ಳೆಯ ಮನುಷ್ಯ. ಬಿಸಿಲಿಗೆ ಹೆದರುತ್ತಿದ್ದರು, ಅಷ್ಟೇ.

ಅವ್ವ ಮಾತ್ರ ಆ ಸಲ ನಾನು ಬಂದಾಗಿನಿಂದ ಒಂದು ಥರ ಇದ್ದಳು. ಅಪ್ಪ ಕುರಿ ಹೊಡೆದುಕೊಂಡು ಪಾವಗಡದ ಕಡೆ ಹೋಗಿದ್ದ. ತಂಗಿ ತುಂಬು ಬಸುರಿ ಎಂದು ನನಗೆ ಗೊತ್ತಿತ್ತು. ಮೊದಲ ಹೆರಿಗೆ, ತವರಿಗೆ ಕರೆತರಲಿಲ್ಲವೇ ಎಂದು ಕೇಳಿದ್ದಕ್ಕೆ, "ಅವಳ ಗಂಡನ ಮನ್ಯೋರು ಕಳಿಸ್ಲಿಲ್ಲ ಕಣಮ್ಮ. ಶಿರಾದಾಗೇ ಆಗ್ಲಿ ಅಂದ್ರು. ಅಲ್ಲಿ ದೊಡ್ಡಾಸ್ಪತ್ರೆ ಐತಲ್ಲ" ಎಂದಿದ್ದಳು. ನನಗೆ ಖುಷಿಯಾಗಿತ್ತು. ನಮ್ಮ ಹಟ್ಟಿಯಲ್ಲಿ ಹೆತ್ತವಳು ಕೂಸಿನ ಜೊತೆ ಬೇಲಿಯಾಚೆ ಇರಬೇಕು. ಪ್ರತಿ ಹೆರಿಗೆಗೂ ನಾಲ್ಕು ಗಳ ನೆಟ್ಟು, ಸೊಪ್ಪು ಹೊದಿಸಿ ಒಂದು ಹೊಸ ಗುಡ್ಲು ಕಟ್ಟುತ್ತಾರೆ. ಒಳಗೆ ನೆಟ್ಟಗೆ ನಿಲ್ಲಲೂ ಆಗುವುದಿಲ್ಲ. ಮೈಲಿಗೆಯ ದಿನ ತುಂಬುವವರೆಗೆ ಅವಳನ್ನು ಯಾರೂ ಮುಟ್ಟುವಂತಿಲ್ಲ, ಊಟ ದೂರದಲ್ಲಿಟ್ಟು ಬರಬೇಕು. ದಿನ ತುಂಬಿದ ಮೇಲೆ ಗುಡ್ಲು ಕಿತ್ತು ಸುಟ್ಟುಬಿಡುತ್ತಾರೆ. ನಾನು ಈ ವಿಷಯಕ್ಕೆ ಹಟ್ಟಿಯವರ ಜೊತೆ ಎಷ್ಟು ಸಲ ಜಗಳವಾಡಿದ್ದೇನೆಂದು ಲೆಕ್ಕವಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

ಸಿಡಿಸುವ ದಿನ ಊಟದ ಹೊತ್ತಿಗೆ ಮದ್ದು ತುಂಬಿ ಮುಗಿಸಿದರು. ತೂತಿಗೆ ತುಂಬಿದ ಮದ್ದನ್ನು ವಾಪಸು ತೆಗೆಯುವಂತಿಲ್ಲ, ಹಾಗೇ ರಾತ್ರಿ ಬಿಡುವಂತೆಯೂ ಇಲ್ಲ. ಹೊತ್ತು ಮುಳುಗುವುದರೊಳಗೆ ಸಿಡಿಸಲೇಬೇಕು. ಗುಡ್ಡದ ಸುತ್ತ ಕೆಂಪು ಬಾವುಟ ನೆಟ್ಟು ಒಳಗೆ ಯಾರೂ ಕಾಲಿಡಬಾರದೆಂದರು. ಹಟ್ಟಿಯವರೆಲ್ಲ ಬಾವುಟಗಳಾಚೆಯ ಕಣದಲ್ಲಿ ಕೂರಬೇಕು. ಅವರು ಸುಮ್ಮನೆ ಬರಲಿಲ್ಲ. ಮೊದಲು ದೇವರ ಪೆಟ್ಟಿಗೆಯನ್ನು ಹೊತ್ತು ತಂದು ಕಣದ ನಡುವೆ ಕಂಬಳಿಯ ಮೇಲಿಟ್ಟರು. ಆಮೇಲೆ ಮಕ್ಕಳು, ಮುದುಕರು, ಕಟ್ಟಿದ್ದ ಮರಿಗಳು, ಕೋಳಿ. ನಾನು ಪ್ರತಿ ಮನೆಯ ಬಾಗಿಲಲ್ಲಿ ನಿಂತು ಕೂಗಿ, ಒಳಗೆ ಇಣುಕಿ ನೋಡಿ ಬಂದೆ. ನಕ್ಷೆಯಲ್ಲಿದ್ದ ಒಂದೊಂದು ಚೌಕವೂ ಖಾಲಿಯಾಗಿತ್ತು.

"ಎಲ್ರೂ ಬಂದ್ರಾ ಯಜಮಾನ್ರೇ?" ಎಂದು ಕೇಳಿದೆ.

"ಅಟ್ಟಿ ಒಳಗೆ ಒಂದು ಕೋಳಿ ಪಿಳ್ಳೇನೂ ಇಲ್ಲ ಕಣಮ್ಮ. ಅದೇನ್ ಸಿಡಿಸ್ತಾರೋ ಸಿಡಿಸ್ಲಿ, ರಾಗಿ ಬೀಸೋದೈತೆ" ಎಂದರು ಯಜಮಾನರು.

ನಾನು ಕೈಯಲ್ಲಿದ್ದ ಹಸಿರು ಬಾವುಟ ಎತ್ತಿ ತೋರಿಸಿದೆ. ಎದುರಿನ ದಿಬ್ಬದ ಮೇಲೆ ಇಂಜಿನಿಯರ್ ತಮ್ಮ ಸಿಡಿಸುವ ತಂತಿ ಪೆಟ್ಟಿಗೆಯ ಹತ್ತಿರ ಕುಳಿತಿದ್ದರು. ಅವರೂ ಕೈ ಎತ್ತಿದರು. ಮೊದಲನೇ ಸೀಟಿ ಕೇಳಿಸಿತು. ಮೊದಲನೆಯದು ಎಚ್ಚರಿಕೆಗೆ, ಎರಡನೆಯದಾದ ಮೇಲೆ ಯಾರೂ ಅಲ್ಲಾಡುವಂತಿಲ್ಲ, ಮೂರನೆಯದರ ಹಿಂದೆಯೇ ಸಿಡಿತ.

ನಾನು ಅವ್ವನ ಪಕ್ಕ ಕೂರಲು ಹೋದೆ. ಅವಳ ಮಡಿಲಲ್ಲಿ ಬಟ್ಟೆ ಕಟ್ಟಿದ ಒಂದು ಕುಡಿಕೆ ಇತ್ತು.

"ಏನವ್ವ ಅದು?"

"ಏನಿಲ್ಲ ಬುಡು. ಸಾರು."

"ಯಾರಿಗೆ?"

"ನಂಗೇ."

ಬಟ್ಟೆಯ ಸಂದಿಯಿಂದ ವಾಸನೆ ಬಂತು. ಮೆಣಸು, ಬೆಳ್ಳುಳ್ಳಿ, ಓಮ. ಅವ್ವನಿಗೆ ಎದೆಯುರಿ, ಮೆಣಸು ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ವಾಸನೆ ಬರುವುದು ಯಾರಾದರೂ ಹೆತ್ತಾಗ ಮಾತ್ರ.

"ಅವ್ವ, ತಂಗಿ ಎಲ್ಲವ್ಳೆ?"

"ಯೋಳಿದ್ನಲ್ಲ, ಶಿರಾದಾಗೆ" ಎಂದಳು. ಹಾಗೆ ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ. ಅವಳ ಕಣ್ಣು ಇದ್ದದ್ದು ಬಂಡೆಯ ಬುಡದ ಮೇಲೆ. ನಾನೂ ಆ ಕಡೆ ನೋಡಿದೆ. ಕೆಂಪು ಬಾವುಟಗಳ ಒಳಗೆ, ಮಳೆಗೆ ನಾವು ನಿಲ್ಲುತ್ತಿದ್ದ ಜಾಗದಲ್ಲಿ, ಲಂಟಾನದ ಪೊದೆಗಳ ಹಿಂದೆ ಬಾಡಿದ ಹೊಂಗೆ ಸೊಪ್ಪಿನ ಗುಪ್ಪೆ ಕಂಡಿತು. ಅದು ಪೊದೆಯಲ್ಲ, ಸೂರು. ಸರ್ವೆಯವರು ನಕ್ಷೆ ಮಾಡಿಕೊಂಡು ಹೋದಾಗ ಅದು ಅಲ್ಲಿ ಇರಲಿಲ್ಲ. ಇರುವುದಾದರೂ ಹೇಗೆ, ತಂಗಿಯಿನ್ನೂ ಹೆತ್ತಿರಲಿಲ್ಲವಲ್ಲ.

ಅವ್ವನ ಭುಜ ಹಿಡಿದು ಅಲುಗಿಸಿದೆ. "ಯಾಕ್ ಯೋಳ್ಲಿಲ್ಲ?"

"ನಿನ್ ಸಿಟ್ಟು ನಂಗೊತ್ತಿಲ್ವಾ? ಗೊತ್ತಾಗಿದ್ರೆ ಬಾಣಂತೀನ ಎಳ್ಕಂಡೋಗಿ ಆಸ್ಪತ್ರೆಗೆ ಹಾಕ್ಬುಡ್ತಿದ್ದೆ. ಆಮ್ಯಾಕೆ ನಾವು ಅಟ್ಟೀಲಿ ಇರೋದೆಂಗೆ? ನೀನು ಬೆಂಗ್ಳೂರಿಗೆ ಹೋಯ್ತೀಯ, ನಾವು ಎಲ್ಲೋಗಾನ?" ಎಂದಳು ಪಿಸುದನಿಯಲ್ಲಿ. ಆಮೇಲೆ ನನ್ನನ್ನು ಸಮಾಧಾನ ಮಾಡುವವಳಂತೆ, "ಏನೂ ಆಗಲ್ಲ ಸುಮ್ಕಿರು. ನಿಮ್ಮೋರು ಮದ್ದಿಕ್ಕಿರೋದು ಆ ಕಡೆ ಮಖಕ್ಕೆ ತಾನೆ? ಅವಳು ಈ ಕಡೆ ಅವ್ಳೆ. ಗ್ವಾಡೆ ಬೀಳ್ತದೆ ಅಂದ್ರಿ, ಅವಳಿಗೆ ಗ್ವಾಡೇನೇ ಇಲ್ಲ. ಬೆನ್ನಿಗೆ ಬಂಡೆ ಐತೆ" ಎಂದಳು.

ಅವ್ವನನ್ನು ನಾನು ಮೂರ್ಖಳೆನ್ನಲಾರೆ. ಮನೆ ಬಿಟ್ಟು ಬನ್ನಿ ಎಂದಿದ್ದೆವು, ಬಿಟ್ಟು ಬಂದಿದ್ದರು. ಬಂಡೆಗಿಂತ ಗಟ್ಟಿ ಯಾವುದಿದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಆ ಚುಕ್ಕಿ ಗೆರೆಯನ್ನು ಎಳೆದವಳು ನಾನು. ಅದು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆಂದು ಆ ಕಣದಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಎರಡನೇ ಸೀಟಿ ಕೇಳಿಸಿತು.

ಎದ್ದು ನಿಂತೆ. ಕೈಯಲ್ಲಿದ್ದದ್ದು ಹಸಿರು ಬಾವುಟ. ಅದನ್ನು ಬೀಸಿದರೆ ಸಿಡಿಸಿ ಎಂದು ಅರ್ಥ. ಅದನ್ನು ಎಸೆದು, ಸೀರೆ ಎತ್ತಿ ಕಟ್ಟಿ, ಬಾವುಟಗಳ ಸಾಲು ದಾಟಿ ಓಡಿದೆ. ಪೊದೆಗಳ ಮರೆಯಲ್ಲಿ ಓಡಿದರೆ ಬೇಗ ಮುಟ್ಟಬಹುದಿತ್ತು. ಆದರೆ ಇಂಜಿನಿಯರ್‌ಗೆ ನಾನು ಕಾಣಬೇಕಿತ್ತು. ಹಾಗಾಗಿ ಕೊಯ್ಲಾದ ರಾಗಿ ಹೊಲದ ನಟ್ಟನಡುವೆ, ಬಯಲಿನಲ್ಲಿ ಓಡಿದೆ. ಕೂಳೆ ಕಾಲಿಗೆ ಚುಚ್ಚುತ್ತಿತ್ತು. ಹಿಂದೆ ಯಾರ್ಯಾರೋ ಕೂಗುತ್ತಿದ್ದರು. ದಿಬ್ಬದ ಕಡೆ ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಮೂರನೇ ಸೀಟಿ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಿವಿಯೆಲ್ಲ ಬೆನ್ನಿಗೆ ಬಂದಂತಾಗಿತ್ತು. ಅಷ್ಟು ಭಯ ನನ್ನ ಜೀವಮಾನದಲ್ಲಿ ಮತ್ತೆ ಆಗಿಲ್ಲ.

ಸೀಟಿ ಬರಲಿಲ್ಲ.

ಗುಡ್ಲಿನ ಮುಂದೆ ಮಂಡಿಯೂರಿ ಒಳಗೆ ಇಣುಕಿದೆ. ತಂಗಿ ಬಂಡೆಗೆ ಒರಗಿ ಕೂಸಿಗೆ ಹಾಲೂಡಿಸುತ್ತಿದ್ದಳು. ನನ್ನನ್ನು ನೋಡಿ ಅವಳ ಮುಖ ಅರಳಿತು, ಹಿಂದೆಯೇ ಕಪ್ಪಿಟ್ಟಿತು.

"ಒಳೀಕ್ ಬರಬ್ಯಾಡ ಅಕ್ಕಯ್ಯ! ಮುಟ್ಟಬ್ಯಾಡ!"

"ಎದ್ದೇಳು. ಬಂಡೆ ಸಿಡಿಸ್ತಾರೆ. ಇಲ್ಲಿಗೇ ಬರ್ತದೆ ಅದು."

"ಆ ಕಡೆ ಅಂತ ಅವ್ವ ಕೂಗಿ ಯೋಳ್ತು."

"ಅವ್ವಂಗೆ ಗೊತ್ತಿಲ್ಲ. ಏಳು."

ಅವಳು ಏಳಲಿಲ್ಲ. ಬೆನ್ನನ್ನು ಇನ್ನಷ್ಟು ಬಂಡೆಗೆ ಒತ್ತಿಕೊಂಡಳು. "ದಿನ ತುಂಬಿಲ್ಲ ಅಕ್ಕಯ್ಯ. ಅಪ್ಪ ಕುರಿ ಹೊಡ್ಕಂಡು ಅಷ್ಟು ದೂರ ಹೋಗವ್ನೆ, ಒಬ್ನೇ ಅವ್ನೆ. ನಾನು ಈಗ ಎದ್ದು ಬಂದು ಕುರಿಗೇನಾರ ಆದ್ರೆ? ಅಪ್ಪಂಗೇ ಏನಾರ ಆದ್ರೆ?" ಎಂದಳು. ಅವಳಿಗೆ ತನ್ನ ಜೀವದ ಚಿಂತೆಯೇ ಇರಲಿಲ್ಲ. ಅದನ್ನು ಕೇಳಿ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು.

ಬೇರೆ ದಿನವಾಗಿದ್ದರೆ ವಾದ ಮಾಡುತ್ತಿದ್ದೆ. ವಾದ ಮಾಡುವುದು ನನಗೆ ಇಷ್ಟದ ಕೆಲಸವೇ. ಆ ದಿನ ಕೈ ಚಾಚಿ ಕೂಸನ್ನು ಕಿತ್ತುಕೊಂಡೆ. ಅರಿವೆ ಸಮೇತ ಎದೆಗೆ ಅವುಚಿಕೊಂಡು, ಹಿಂದೆ ನೋಡದೆ ಹೊಲಕ್ಕಿಳಿದೆ. "ನನ್ ಕೂಸು! ನನ್ ಕೂಸು ಕೊಡೇ!" ಎಂದು ತಂಗಿ ಅಳುತ್ತ ಹಿಂದೆ ಬಂದಳು. ಹಸಿ ಬಾಣಂತಿ, ಎಡವುತ್ತ, ಹೊಟ್ಟೆ ಹಿಡಿದುಕೊಂಡು. ಕೂಸು ಹಾಲು ಬಿಡಿಸಿದ್ದಕ್ಕೆ ಕಿಟಾರನೆ ಕಿರುಚುತ್ತಿತ್ತು.

ಕಣದ ಹತ್ತಿರ ಬಂದಾಗ ಜನ ದಡಬಡನೆ ಎದ್ದು ಹಿಂದೆ ಸರಿದರು. ಯಜಮಾನರು ಎರಡೂ ಕೈ ಚಾಚಿ ದೇವರ ಪೆಟ್ಟಿಗೆಗೆ ಅಡ್ಡ ನಿಂತರು.

"ಬರಬ್ಯಾಡಮ್ಮ! ಈ ಕಡೆ ಬರಬ್ಯಾಡ! ದ್ಯಾವ್ರು ಐತೆ ಇಲ್ಲಿ!" ಬೈಯುತ್ತಿರಲಿಲ್ಲ, ಬೇಡುತ್ತಿದ್ದರು. "ನೀನೂ ಮುಟ್ಟಿದ್ದೀಯ. ನಿಂಗೆ ಗೊತ್ತಿಲ್ದೆ ಇರೋದಾ?"

ಅಷ್ಟರಲ್ಲಿ ಇಂಜಿನಿಯರ್ ದಿಬ್ಬ ಇಳಿದು ಓಡಿ ಬಂದರು. "ಏನ್ರೀ ಇದು? ಸೀಟಿ ಬಾಯಲ್ಲಿತ್ತು ಕಣ್ರೀ ನನ್ನ! ಯಾರಿವರು?"

"ನನ್ನ ತಂಗಿ ಸಾರ್."

"ಎಲ್ಲಿದ್ರು?"

"ಬಿರುಕು ಮುಗಿಯೋ ಕಡೆ."

ಅವರಿಗೆ ಅರ್ಥವಾಯಿತು. ಬಂಡೆಯ ಬುಡ ನೋಡಿದರು, ಆಮೇಲೆ ಸೂರ್ಯನನ್ನು ನೋಡಿದರು. ಹೊತ್ತು ಇಳಿಯುತ್ತಿತ್ತು. ಮದ್ದು ಬಂಡೆಯ ಹೊಟ್ಟೆಯಲ್ಲಿ ಕುಳಿತಿತ್ತು. "ಇವರನ್ನ ಬೇಗ ಎಲ್ಲಾದರೂ ಕೂರಿಸಿ, ಮಲಗಿಸಿದರೂ ಸರಿ. ಆದರೆ ಬಾವುಟದಿಂದ ಆಚೆ" ಎಂದರು. ಎಲ್ಲಾದರೂ ಎಂದರೆ ಎಲ್ಲಿ? ಕಣಕ್ಕೆ ಬಿಡುವುದಿಲ್ಲ. ಹಟ್ಟಿಗೆ ಹೋಗುವಂತಿಲ್ಲ. ಗುಡ್ಲಿಗೆ ವಾಪಸು ಹೋಗುವ ಮಾತೇ ಇಲ್ಲ. ತಂಗಿ ಬಿಸಿಲಲ್ಲಿ ನಿಂತಲ್ಲೇ ತೂಗಾಡತೊಡಗಿದಳು. ನಾನು ಇನ್ನೊಂದು ಕೈಯಿಂದ ಅವಳನ್ನು ಹಿಡಿದುಕೊಂಡೆ.

ನಮ್ಮ ಜೀಪಿನ ಡ್ರೈವರ್ ಪಾವಗಡದ ಗಡಿಯವನು. ಕನ್ನಡ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದ. ಅಷ್ಟು ಹೊತ್ತು ಬಾವುಟಗಳಾಚೆಯ ರಸ್ತೆಯಲ್ಲಿ ಜೀಪಿಗೆ ಒರಗಿ ಬೀಡಿ ಸೇದುತ್ತಿದ್ದವನು ಬೀಡಿ ಎಸೆದು, ಹಿಂದಿನ ಟಾರ್ಪಾಲು ಎತ್ತಿದ.

"ಇಲ್ಲಿ ಹತ್ತಿಸ್ರಮ್ಮಾ."

"ಬಾಣಂತಿ ಕಣಪ್ಪ" ಎಂದು ಯಜಮಾನರು ಎಚ್ಚರಿಸಿದರು.

"ಐತೇ ಏಮಿ? ಆದ್ರೇನು ಸ್ವಾಮಿ? ಜೀಪಿಗೆ ಮೈಲಿಗೆ ಎಕ್ಕಡಿದಿ, ಎಲ್ಲೀದು? ನಿನ್ನೆ ಇದ್ರಾಗೇ ಸಗಣಿ ತುಳ್ಕಂಡು ಬಂದಿವ್ನಿ" ಎಂದು ಅವನು ಸೀಟಿನ ಮೇಲೆ ತನ್ನ ಟವೆಲ್ ಹಾಸಿದ.

ಯಜಮಾನರು ಜೀಪನ್ನು ನೋಡಿದರು, ದೇವರ ಪೆಟ್ಟಿಗೆಯನ್ನು ನೋಡಿದರು, ನಡುವೆ ಇದ್ದ ರಸ್ತೆಯನ್ನು ನೋಡಿದರು. ಆಮೇಲೆ, "ಅದು ಅಟ್ಟಿ ಗಾಡಿ ಅಲ್ವಲ್ಲ. ಅದ್ರಾಗಿದ್ರೆ ನಮ್ದೇನು ಅಡ್ಡಿಯಿಲ್ಲ" ಎಂದು ಬೆವರು ಒರೆಸಿಕೊಂಡರು. ಅವರ ದನಿಯಲ್ಲಿ ಬಿಡುಗಡೆ ಸಿಕ್ಕ ಸಂತೋಷವಿತ್ತು. ನಾನು ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದಿದ್ದೆ, ಆಗಲಿಲ್ಲ.

ತಂಗಿಯನ್ನು ಹತ್ತಿಸಿ, ಕೂಸನ್ನು ಅವಳ ಮಡಿಲಿಗೆ ಕೊಟ್ಟು, ನಾನೂ ಹತ್ತಿದೆ. ಇಬ್ಬರನ್ನೂ ಮುಟ್ಟಿದವಳು ನಾನು ಇನ್ನೆಲ್ಲಿ ಹೋಗಲಿ. ಅವಳು ಕೂಸಿಗೆ ಮೊಲೆ ಕೊಟ್ಟು, ಅತ್ತ ತಿರುಗಿ ಕುಳಿತಳು. "ಏನೂ ಆಗ್ದಿದ್ರೆ?" ಎಂದು ಒಂದೇ ಒಂದು ಸಲ ಕೇಳಿದಳು. ಏನೂ ಆಗದೆ ಗುಡ್ಲು ಹಾಗೇ ನಿಂತಿದ್ದರೆ ನಾನು ಸುಮ್ಮಸುಮ್ಮನೆ ಅವಳ ದಿನ ಕೆಡಿಸಿದವಳಾಗುತ್ತಿದ್ದೆ. ಮುಂದೆ ಒಂದು ಮರಿ ಕುಂಟಿದರೂ ಅದು ಅವಳ ತಲೆಗೇ ಬರುತ್ತಿತ್ತು. ಆ ಬಿರುಕು ನಕ್ಷೆಯಲ್ಲಿ ಬರೀ ಚುಕ್ಕಿ ಗೆರೆ. ಹಿಡಿದ ಕಂಬಿಯನ್ನು ಬಿಡಲಾರದೆ ಕುಳಿತೆ.

ಇಂಜಿನಿಯರ್ ದಿಬ್ಬಕ್ಕೆ ವಾಪಸು ಹೋಗಿದ್ದರು. ಮೂರನೇ ಸೀಟಿ.

ಶಬ್ದ ನಾನೆಣಿಸಿದಷ್ಟು ದೊಡ್ಡದಿರಲಿಲ್ಲ. ಅದು ನೆಲದೊಳಗಿಂದ ಬಂತು. ಜೀಪಿನ ಟೈರು ಹತ್ತಿ, ಸೀಟು ಹತ್ತಿ, ನನ್ನ ಹಲ್ಲಿಗೆ ಬಂತು. ಕೂಸು ಬೆಚ್ಚಿ ಮೊಲೆ ಬಿಟ್ಟಿತು. ಗುಡ್ಡದಾಚೆ ಧೂಳೆದ್ದಿತು. ಆಮೇಲೆ ಎಲ್ಲ ಸುಮ್ಮನಾಯಿತು. ಬಂಡೆ ಇದ್ದ ಹಾಗೇ ಇತ್ತು. ಬುಡದಲ್ಲಿ ಸೊಪ್ಪಿನ ಸೂರು ಇದ್ದ ಹಾಗೇ ಇತ್ತು. ಕಣದಲ್ಲಿ ಯಾರೋ ನಕ್ಕರು. ತಂಗಿ ತಿರುಗಿ ನನ್ನನ್ನು ನೋಡಿದಳು.

ಆಗ ರಾಗಿ ಬೀಸುವ ಕಲ್ಲು ತಿರುಗಿದಂಥ ಸದ್ದು ಶುರುವಾಯಿತು. ಗುಡ್ಲಿನ ಮೇಲೆ ಮುಂಚಾಚಿದ್ದ ಹಾಸು, ನಮಗೆ ಮಳೆಯಲ್ಲಿ ಸೂರಾಗಿದ್ದ ಹಾಸು, ಈರುಳ್ಳಿಯ ಸಿಪ್ಪೆಯಂತೆ ಬಂಡೆಯಿಂದ ಬಿಟ್ಟುಕೊಂಡು ನಿಧಾನವಾಗಿ ಜಾರಿತು. ಅವಸರವೇ ಇಲ್ಲದಂತೆ ಕೆಳಗಿಳಿದು ಕುಳಿತುಕೊಂಡಿತು. ಧೂಳು ಇಳಿದಾಗ ಸೊಪ್ಪೂ ಇಲ್ಲ, ಗಳವೂ ಇಲ್ಲ. ಬರೀ ಕಲ್ಲು, ಒಡೆದ ಕಡೆ ಹೊಸದಾಗಿ ಬೆಳ್ಳಗೆ.

ಇಂಜಿನಿಯರ್ ದಿಬ್ಬದ ಮೇಲೆ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟಿದ್ದರು. ತಂಗಿ ಕೂಸಿನ ಮುಖ ಸೆರಗಿನಲ್ಲಿ ಮುಚ್ಚಿ, ತನ್ನ ತಲೆಯನ್ನು ನನ್ನ ಹೆಗಲಿಗೆ ಇಟ್ಟಳು.

ಆಗ ಅವ್ವ ಎದ್ದಳು. ಕುಡಿಕೆಯನ್ನು ಎದೆಗವುಚಿಕೊಂಡು ಜೀಪಿನ ಕಡೆ ನಡೆದು ಬಂದಳು.

"ಏ, ಎತ್ಲಾಗೆ ಹೊಂಟೆ?" ಎಂದರು ಯಜಮಾನರು. "ಮುಟ್ಟಿದ್ರೆ ನೀನೂ ಅಟ್ಟಿ ಒಳೀಕ್ ಬರಂಗಿಲ್ಲ. ದಿನ ತುಂಬೋಗಂಟ ಆಚೇಗೇ ಇರ್ಬೇಕಾಯ್ತದೆ."

ಅವ್ವ ನಿಲ್ಲಲಿಲ್ಲ. ಜೀಪು ಹತ್ತಿ ಅವಳಿಗೆ ಗೊತ್ತಿರಲಿಲ್ಲ. ಎಲ್ಲಿ ಕಾಲಿಡಬೇಕೆಂದು ತಡವರಿಸಿದಳು. ನಾನು ಕೈ ಕೊಟ್ಟೆ. ಹಿಡಿದುಕೊಂಡಳು. ಹತ್ತಿ ಕುಳಿತು ಮೊದಲು ಕೂಸಿನ ತಲೆಯಿಂದ ಪಾದದವರೆಗೆ ಕೈಯಾಡಿಸಿದಳು. ಆಮೇಲೆ ತಂಗಿಯ ಕೆನ್ನೆ, ಕತ್ತು, ಬೆನ್ನು. ಹೆತ್ತಂದಿನಿಂದ ಮಗಳನ್ನು ಅವಳು ಮುಟ್ಟಿದ್ದು ಅದೇ ಮೊದಲು.

ಕುಡಿಕೆಯ ಬಟ್ಟೆ ಬಿಚ್ಚಿದಳು. ಮಧ್ಯಾಹ್ನ ಬಾವುಟ ನೆಟ್ಟು ದಾರಿ ಮುಚ್ಚಿದಾಗಿನಿಂದ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು.

"ಸಾರು ಆರೋಗೈತೆ. ಆದ್ರೂ ಕುಡಿ ಮಗಳೆ."

ತಂಗಿ ಕುಡಿದಳು. ಅವ್ವ ಕುಡಿಕೆಯನ್ನು ವಾಪಸು ತೆಗೆದುಕೊಂಡು, ತಳದಲ್ಲಿ ಉಳಿದದ್ದನ್ನು ಅಲುಗಿಸಿ ನೋಡಿ, ನನ್ನ ಮುಖ ನೋಡದೆಯೇ ನನ್ನ ಕಡೆ ಚಾಚಿದಳು.